ಸ್ಟೆಪ್ನಿ

ಕಲಿಯಾಕ ಬಂದವರ ಹೆದರಿಕಿಯೆಲ್ಲ
ಕಡೀಕ ಟೈರಿಗೇ ಇಳೀತದ.
ಶರಣಮ್ಮ ಟೀಚರು ಎಮ್ಮಿ ಕಂಡರ ಒಂದು ಬ್ರೇಕು,
ಎಮ್ಮಿ ದಾಟಿ ಹೋದಮ್ಯಾಲ ಇನ್ನೊಂದು.
ಹತ್ತಿ ಮಿಲ್ಲಿನ ವೆಂಕೋಬರಾಯರು
ನಿಂತ ಗಾಡಿಯೊಳಗ ಸ್ಟೀರಿಂಗು ತಿರುವಿ ತಿರುವಿ
ಮುಂದಿನೆರಡು ಗಾಲಿ ಖಾರ ಅರೆದಂಗ ಅರೆದರು.
ಗೀರಿನಾಗ ರೂಪಾಯಿ ಇಟ್ಟು ನೋಡಿದೆ.
ನಿಲ್ಲಲಿಲ್ಲ. ಉರುಳಿ ಗಟಾರಕ್ಕ ಬಿತ್ತು.

ಲಿಂಗಸುಗೂರು ರೋಡಿನ ಕಂಪನಿ ಶೋರೂಮಿನಾಗ
ಗೋಡಿ ತುಂಬ ಒಂದು ಪಟ:
ಹಿಮದ ಗುಡ್ಡ ಏರಾಕತ್ತಿದ ಕೆಂಪು ಕಾರು.
ಹೊರಗ ನಲವತ್ಮೂರು ಡಿಗ್ರಿ.
"ಆ ದೇಶದಾಗ ಚಳಿಗಾಲಕ್ಕಂತ ಬ್ಯಾರೇ ಟೈರು ಮೇಡಂ,
ರಿಮ್ಮೂ ಬ್ಯಾರೆ, ವರ್ಷಕ್ಕ ಎರಡು ಸಲ ಬದಲಿ"
ಅಂದ ಪ್ರಲ್ಹಾದ, ಕೊರಳ ಟೈ ಸಡಿಲ ಮಾಡಿಕೋತ.
ರಾಯಚೂರಿನ ಚಳಿಗಾಲ
ಡಿಸೆಂಬರಿನ ಬೆಳಗಿನ ಎರಡು ತಾಸು.
ನನ್ನ ಗಂಡಗ ಒಂದು ಮಫ್ಲರಿನಾಗ ಮುಗೀತದ,
ಅದನ್ನೂ ಏಳೂವರಿಗೆ ಬಿಚ್ಚಿ ಗೂಟಕ್ಕ ಹಾಕ್ತಾನ.

ನಾಕು ಟೈರು, ನಾಕು ಅಲಾಯ್ ರಿಮ್ಮು,
ಫಿಟಿಂಗು, ಬ್ಯಾಲೆನ್ಸು, ಮ್ಯಾಲ ಟ್ಯಾಕ್ಸು.
ಕೆಳಗಿನ ಸಾಲು ಓದಿ ನೀರು ಕೇಳಿದೆ.
"ಕಂಪನಿ ಮಾಲು ಮೇಡಂ."
"ಟೈರೂ ನಿಮ್ಮ ಕಂಪನಿಯವರೇ ಮಾಡ್ತಾರೇನಪಾ?"
ಪ್ರಲ್ಹಾದ ಹಿಮದ ಕಡೆ ನೋಡಿದ.

ತೀನ್ ಕಂದೀಲಿನ ಹತ್ರ ಚಾಂದಪಾಷಾ
ಟ್ರ್ಯಾಕ್ಟರ್ ಟೈರಿನ ನಡುವ ಕುಂತು
ಬಸಿಯೊಳಗ ಚಹಾ ಆರಿಸಾಕತ್ತಿದ್ದ.
ಎದ್ದು, ಹೆಬ್ಬೆಟ್ಟಿಗೆ ಉಗುಳು ಹಚ್ಚಿ
ಹೊಸ ಟೈರಿನ ಪಕ್ಕಡಿ ಒರೆಸಿದ.
ಧೂಳಿನಾಗಿಂದ ನಾಕು ಅಂಕಿ ಎದ್ದವು.
"ಇದು ಇದರ ಜಾತಕ ನೋಡ್ರಿ ಅಕ್ಕಾರ.
ಮೊದಲೆರಡು ಹುಟ್ಟಿದ ವಾರ, ಕಡೀವೆರಡು ವರ್ಷ.
ಶೋರೂಮಿಂದು ಓದೀರೇನು?"

ಓದಿರಲಿಲ್ಲ. ಫೋನ್ ಹಚ್ಚಿದೆ.
ಪ್ರಲ್ಹಾದ ಗೋಡೌನಿಗೆ ನಡೆದ ಸಪ್ಪಳ,
ಷಟರು ಏರಿದ ಸಪ್ಪಳ, ಆಮ್ಯಾಲ ಏನೂ ಇಲ್ಲ.
ಹುಡುಗ ಒಳ್ಳೆಯವ, ಸುಳ್ಳು ಹೇಳಲಿಲ್ಲ.
ಅದೇ ಹೆಸರು, ಅದೇ ಅಚ್ಚು, ಅದೇ ಅಳತಿ;
ಅಲ್ಲಿದ್ದದ್ದು ಎರಡು ಬ್ಯಾಸಿಗಿ ಹಳೇದು,
ಇಲ್ಲಿದ್ದದ್ದು ಈ ಉಗಾದಿದು.
ಮ್ಯಾಲ ಟೈರಿಗೆ ಒಂಬೈನೂರು ಕಡಿಮಿ.

ನನಗ ಆಶಿ ಬಂತು. ಬಾಗಲಿಗೆ ತೂಗು ಹಾಕಿದ
ಹೊಳಿಯೋ ರಿಮ್ಮು ತೋರಿಸಿ, ಅವನ್ನೂ ಹಾಕು ಅಂದೆ.
"ಬ್ಯಾಡ್ರಿ."
ಮಾರಾಟಕ್ಕಿಟ್ಟವನೇ ಬ್ಯಾಡಂದ.
"ನಿಮ್ಮ ನಟ್ಟಿನ ತಲಿ ಗುಂಡಗದ, ಇದರ ಕುಣಿ ಚೂಪದ.
ಬಿಗಿಯಾಗ್ಯದ ಅನಸ್ತದ, ಆಗಿರಂಗಿಲ್ಲ.
ಕಲಿಯೋ ಮಂದಿ ಕೂಡೋ ಗಾಡಿ.
ರಿಮ್ಮು ಕಂಪನೀದೇ ಇರಲಿ."
ಆ ದಿನ ಅವನಿಗೆ ಎಷ್ಟು ಲುಕ್ಸಾನಾಯಿತೋ,
ಕೇಳಲಿಲ್ಲ, ಕೇಳಬೇಕಿತ್ತು.

ಡಿಕ್ಕಿ ತೆಗೆದಾಗ ಅದು ಕಂಡಿತು.
ಶೋರೂಮಿನಿಂದ ಗಾಡಿ ಕೂಡ ಬಂದ ಐದನೇದು,
ಏಳು ವರ್ಷ ಕತ್ತಲಿಯೊಳಗ ಮಲಗಿದ್ದು.
ರಬ್ಬರಿನ ಹುಟ್ಟುಗೂದಲು ಇನ್ನೂ ಮೈಮ್ಯಾಲ,
ಜವಳ ಆಗದ ಕೂಸಿನ ಹಂಗ.
ಇದನ್ನೊಂದು ಕಡಿ ಹಾಕು, ಮೂರೇ ಕೊಡು ಅಂದೆ.
ಚಾಂದಪಾಷಾ ಎರಡೂ ಕೈಲೆ ಒತ್ತಿ ಬಗ್ಗಿಸಿದ.
ಒಡೆದ ಹಿಮ್ಮಡಿಯಂಥ ಸಣ್ಣ ಸಣ್ಣ ಬಿರುಕು.

"ಇದು ಹೋಗ್ಯದರಿ."
"ಒಂದು ದಿನಾನೂ ರೋಡಿಗೆ ಇಳಿದಿಲ್ಲಲ್ಲೋ!"
"ಹೌದ್ರಿ. ಕುಂತೇ ಹೋಗ್ಯದ."

ಐದು ಟೈರಿನ ರೊಕ್ಕ ಕೊಟ್ಟು ಮನಿಗೆ ಬಂದೆ,
ಅದನ್ನ ಬಿಟ್ಟು ಬರಾಕ ಮನಸಾಗಲಿಲ್ಲ.
ಸುಣ್ಣ ಬಳಿದು ಬೇವಿನ ಗಿಡಕ್ಕ ಆನಿಸಿಟ್ಟೀನಿ,
ರಿವರ್ಸ್ ಕಲಿಸುವಾಗ ಗುರುತಿಗೆ.
ಕನ್ನಡಿಯಾಗ ಬಿಳೀ ಚಕ್ರ ಕಂಡರ ನಿಲ್ಲಸ್ರಿ ಅಂತೀನಿ,
ಎಲ್ಲಾರೂ ನಿಲ್ಲಸ್ತಾರ, ಶರಣಮ್ಮ ಟೀಚರಂತೂ
ಒಂದು ಮಾರು ಮೊದಲೇ.

ನಿನ್ನೆ ವೆಂಕೋಬರಾಯರು ನಿಲ್ಲಸಲಿಲ್ಲ.
ಧಡ್ ಅಂತ ಗುದ್ದಿದರು, ಅಯ್ಯೋ ರಾಯಾ ಅಂದರು.
ಅದು ಗಿಡ ಬಿಟ್ಟು ಎದ್ದು ನಿಂತು,
ಅಂಗಳದ ಇಳಿಜಾರಿಗೆ ಬಿದ್ದು,
ಸುಣ್ಣ ಉದುರಿಸಿಕೋತ ಉರುಳಿತು
ಗೇಟಿನ ತನಕ,
ಗೇಟು ದಾಟಿ.